ಎನ್‌ಪಿಎಸ್‌ನಲ್ಲಿ 50 ದಾಟದೆ ಕೂತೆ: ನನ್ನ ಅನುಭವ

ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ನನಗೆ ಇಪ್ಪತ್ತು ವರ್ಷ ದಾಟಿದೆ. ಕಂಪನಿ ಮೂಲಕವೇ ಎನ್‌ಪಿಎಸ್, ಅಂದ್ರೆ ರಾಷ್ಟ್ರೀಯ ಪಿಂಚಣಿ ಯೋಜನೆ. 'ಇ'ಯಲ್ಲಿ, ಅಂದ್ರೆ ಶೇರಿಗೆ ಹೋಗುವ ಪಾಲಿನಲ್ಲಿ, 50 ಪರ್ಸೆಂಟ್ ಅಷ್ಟೇ ಇಡ್ತೀನಿ ಅಂದಾಗ ಕ್ಯಾಂಟೀನಿನಲ್ಲಿ ಯಾರೂ ಒಪ್ಪಲಿಲ್ಲ. "75 ಇಡ್ರಿ, ಇನ್ನೂ ಸರ್ವಿಸ್ ಐತಿ" ಅಂದರು ಶೇರು ಬಲ್ಲವರು. ನಮ್ಮ ಮಾವನವರದು ಬೇರೆ ಮಾತು: "ಅದೆಲ್ಲ ಬ್ಯಾಡ್ರಿ, ಸೇಡಂ ರೋಡಿಗೆ ಒಂದು ಪ್ಲಾಟ್ ಹಿಡೀರಿ." ಈಗ ಆ ಕ್ಯಾಂಟೀನಿನ ಮೂವರು ನನ್ನ ಹತ್ತಿರ ಲೆಕ್ಕ ಬರೆಸಿಕೊಂಡು ಹೋಗಿದ್ದಾರೆ. ಅದಕ್ಕೇ ಬರೀತಿದ್ದೇನೆ.

ಮೊದಲು ನಾನೂ 75ರವನೇ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಕಲಬುರಗಿಯಲ್ಲೇ. ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. 23ನೇ ತಾರೀಖು ಶೇರು ಮಾರ್ಕೆಟ್ಟಿನ ಸೂಚ್ಯಂಕ ನಿಫ್ಟಿ ಒಂದೇ ದಿನಕ್ಕೆ 13 ಪರ್ಸೆಂಟ್ ಬಿದ್ದು 7,600ಕ್ಕೆ ಬಂತು. ಒಂಬತ್ತು ಲಕ್ಷ ಚಿಲ್ಲರೆ ಇದ್ದ ನನ್ನ ಹಣ ಏಳರ ಕೆಳಗೆ ಇಳಿಯಿತು. ರಾತ್ರಿ ಹನ್ನೊಂದಕ್ಕೆ, ಹೆಂಡತಿಗೂ ಹೇಳದೆ, ಪೂರ್ತಿ 'ಜಿ'ಗೆ, ಅಂದ್ರೆ ಸರ್ಕಾರಿ ಸಾಲಪತ್ರಕ್ಕೆ, ಬದಲಿಸಿದೆ. ನವೆಂಬರ್ ಹೊತ್ತಿಗೆ ನಿಫ್ಟಿ 13,000 ಮುಟ್ಟಿತ್ತು. ಅಷ್ಟರಲ್ಲೇ ನಾನು ಎರಡೂವರೆ ಲಕ್ಷದ ಹತ್ತಿರ ಕಳೆದುಕೊಂಡಿದ್ದೆ.

ಸರ್ಕಾರಿ ಸಾಲಪತ್ರ ಅಂದ್ರೆ ಇಳಿಯೋದಿಲ್ಲ ಅಂತ ಅಲ್ಲೇ ಉಳಿದೆ. ಅದೂ ತಪ್ಪೇ. 2022ರ ಮೇನಲ್ಲಿ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಏರಿಸಲು ಶುರು ಮಾಡಿತು. 4 ಇದ್ದದ್ದು ಮರು ಫೆಬ್ರವರಿಗೆ 6.5 ಆಯಿತು. ಬಡ್ಡಿ ಏರಿದರೆ ಕಡಿಮೆ ಬಡ್ಡಿಯ ಹಳೇ ಸಾಲಪತ್ರದ ಬೆಲೆ ಇಳಿಯುತ್ತೆ, ಅಲ್ವಾ? ಭದ್ರ ಅಂದುಕೊಂಡ 'ಜಿ' ಎನ್‌ಎವಿ (ಒಂದು ಯೂನಿಟ್ಟಿನ ಬೆಲೆ) ಕೂಡ ಇಳಿಯಿತು.

ಆಮೇಲೆ ಹೆಂಡತಿ ಜೊತೆ ಕೂತು, ಕಿರಾಣಿ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಎಲ್ಲ ಬರೆದೆವು. ಪಿಎಫ್ ಒಂದು ಕಡೆ. ಅದು ಬೀಳುವ ಹಣ ಅಲ್ಲ, ಹಾಗಾಗಿ ಎನ್‌ಪಿಎಸ್ಸನ್ನು ಒಂದನ್ನೇ ನೋಡಿ ಹೆದರಬೇಕಿಲ್ಲ. ಇನ್ನೊಂದು ಕಡೆ ಊರಿನ ನಾಲ್ಕು ಎಕರೆ ತೊಗರಿ. ಅದರ ರೇಟಿನ ಏರಿಳಿತ ನಮ್ಮವರಿಗೆ ಹೇಳಬೇಕಾ? 2024ರ ಶುರುವಿಗೆ ಕ್ವಿಂಟಲ್‌ಗೆ 10,000 ಆಸುಪಾಸು ಕಂಡದ್ದು ಮರುವರ್ಷದ ರಾಶಿ ಹೊತ್ತಿಗೆ 7,000ದ ಕಡೆ ಬಂತು. ಹೊಲದಲ್ಲೇ ಇಷ್ಟು ಅಪಾಯ ಇರುವಾಗ ಪಿಂಚಣಿಯಲ್ಲೂ 75 ಬೇಡ ಅನಿಸಿತು. 'ಇ' 50, 'ಜಿ' 35, 'ಸಿ' (ಕಂಪನಿ ಸಾಲಪತ್ರ) 15.

ಅಕೌಂಟ್ ತೆಗೆದು ನೋಡೋದು ವರ್ಷಕ್ಕೆ ಎರಡೇ ಸಲ: ಮಹಾಲಯ ಅಮಾವಾಸ್ಯೆ, ಶಿವರಾತ್ರಿ. 'ಇ' ನಾಲ್ಕು ಪಾಯಿಂಟ್ ಆಚೀಚೆ ಆಗಿದ್ದರೆ ಮಾತ್ರ ಮತ್ತೆ 50ಕ್ಕೆ ತರೋದು. ಎನ್‌ಪಿಎಸ್ ಒಳಗೇ ಬದಲಿಸಿದರೆ ಟ್ಯಾಕ್ಸ್ ಇಲ್ಲ, ಇದು ದೊಡ್ಡ ಅನುಕೂಲ.  

ಎರಡು ವರ್ಷ ಕೈ ಹಚ್ಚುವ ಪ್ರಸಂಗವೇ ಬರಲಿಲ್ಲ. 2024ರ ಮಹಾಲಯಕ್ಕೆ 'ಇ' 55 ದಾಟಿತ್ತು. ಎಲ್ಲರೂ ಏರಿಸುತ್ತಿದ್ದಾಗ ನಾನು ಇಳಿಸಿದೆ. ಆಗ ನನ್ನ ಒಟ್ಟು ಹಣ ಹದಿನೇಳು ಲಕ್ಷದಷ್ಟಿತ್ತು. ಮಾರ್ಚ್ ಹೊತ್ತಿಗೆ ನಿಫ್ಟಿ 22,000ಕ್ಕೆ ಬಂದಾಗ ನನ್ನದು ಒಂದು ಲಕ್ಷ ಇಳಿದಿತ್ತು. ಹೆಚ್ಚುಕಡಿಮೆ ಅಷ್ಟೇ ಹಣ ಇದ್ದು 75ರಲ್ಲಿ ಕೂತ ಗೆಳೆಯನದು ಎರಡು ಲಕ್ಷದ ಹತ್ತಿರ. ಅವನು ಹೆದರಿ 'ಇ'ಯಿಂದ ಹೊರಬಿದ್ದ. ನಾನು ಶಿವರಾತ್ರಿಗೆ 46 ಇದ್ದದ್ದನ್ನು 50ಕ್ಕೆ ಏರಿಸಿದ್ದೆ. ಜೂನ್ ಕೊನೆಗೆ ನಿಫ್ಟಿ 25,500ರ ಮೇಲೆ. ಬಿದ್ದಾಗ ಕೊಳ್ಳುವ ಧೈರ್ಯ ನನಗೆ ಇಲ್ಲ ಅಂದುಕೊಂಡಿದ್ದೆ. ತಾರೀಖು ಮೊದಲೇ ಗೊತ್ತು ಮಾಡಿದ್ದರಿಂದ ಅದು ಬಂತು.

ನಡುವೆ ಟೈರ್-2ರಲ್ಲಿ, ಅಂದ್ರೆ ಎನ್‌ಪಿಎಸ್‌ನಲ್ಲೇ ಬೇಕಾದಾಗ ಹಣ ತೆಗೆಯಬಹುದಾದ ಖಾತೆಯಲ್ಲಿ, ತಿಂಗಳಿಗೆ ಸಾವಿರ ಹಾಕಿ, ಮಾರ್ಕೆಟ್ ಬಿದ್ದಾಗಲೆಲ್ಲ ಜಾಸ್ತಿ ಹಾಕುವ ಪ್ರಯೋಗವನ್ನೂ ಮಾಡಿದೆ. ಒಂದು ವರ್ಷ ದಿನಾ ಮೊಬೈಲ್ ನೋಡಿದ್ದೇ ಬಂತು. ಸುಮ್ನೆ ಹಾಕಿದ್ದರೂ ಅಷ್ಟೇ ಆಗುತ್ತಿತ್ತು. ನಿಲ್ಲಿಸಿದೆ.

ಈಗ ನನಗೆ 52. 55 ಆದಮೇಲೆ ವರ್ಷಕ್ಕೆ ಮೂರರಂತೆ 'ಇ' ಇಳಿಸಿ, 60ಕ್ಕೆ 35ಕ್ಕೆ ತರೋದು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಹಣದಲ್ಲಿ ಒಂದು ಪಾಲು ಆನ್ಯುಯಿಟಿಗೆ, ಅಂದ್ರೆ ತಿಂಗಳ ಪಿಂಚಣಿ ಕೊಡುವ ಯೋಜನೆಗೆ, ಹೋಗಲೇಬೇಕು. ಆ ವರ್ಷವೇ ಮಾರ್ಕೆಟ್ ಬಿದ್ದರೆ ತಿಂಗಳ ಪಿಂಚಣಿ ಕಡಿಮೆಯಾಗುತ್ತೆ. ಹಾಳೆಯ ಕೆಳಗೆ ಹೆಂಡತಿಯ ಸಹಿಯೂ ಇದೆ. ಇನ್ನು ಅವಳಿಗೆ ಹೇಳದೆ ಏನೂ ಬದಲಿಸುವ ಹಾಗಿಲ್ಲ.