ನಿಮ್ಮ ಬಾವಿಯ ಜಾತಕ ನೋಡುವುದು ಹೇಗೆ?

ಏಪ್ರಿಲ್ ಮುಗಿಯುವ ಹೊತ್ತಿಗೆ ಕಾರವಾರದ ಕಡಲಂಚಿನ ಮನೆಗಳಲ್ಲಿ ಚಹಾದ ರುಚಿ ಬದಲಾಗುತ್ತದೆ. ಬಾವಿಗೆ ಸವಳು ಹತ್ತಿರುತ್ತದೆ. ಘಟ್ಟದ ಮೇಲೆ ಶಿರಸಿಯಲ್ಲಿ ತಕರಾರೇ ಬೇರೆ. ಅಲ್ಲಿ ತೋಟದ ಬಾವಿಯ ತಳ ಕಾಣುತ್ತಿರುತ್ತದೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವ ಊರು ಕಾರವಾರ. ಆದರೂ ಹೀಗೆ ಯಾಕೆ? ನಮ್ಮ ನೆಲದಡಿಯ ಚಿರೆಕಲ್ಲು, ಅಂದರೆ ತೂತು ತೂತಾದ ಕೆಂಪು ಕಲ್ಲು, ಜರಡಿ ಇದ್ದ ಹಾಗೆ. ಬೇಗ ತುಂಬುತ್ತದೆ, ಅಷ್ಟೇ ಬೇಗ ಬಸಿದು ಹೊಳೆ ಸೇರುತ್ತದೆ.

‘ಈ ವರ್ಷ ನೀರು ಜಾಸ್ತಿ ಇಳಿದಿದೆ’ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಇಳಿದಿದೆ ಎಂದು ಕೇಳಿದರೆ ಉತ್ತರವಿಲ್ಲ. ಆ ಉತ್ತರದ ಅರ್ಧ ಸರ್ಕಾರದ ಕಡತದಲ್ಲಿ ಪುಕ್ಕಟೆ ಸಿಗುತ್ತದೆ. ಇನ್ನರ್ಧ ನಿಮ್ಮ ಹಗ್ಗದಲ್ಲಿದೆ.

<b>ಮೊದಲು ಹಗ್ಗ</b>

ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ. ನೀರು ಮುಟ್ಟುವವರೆಗಿನ ಉದ್ದ ಅಳೆಯಿರಿ. ಅದರಲ್ಲಿ ಬಾವಿಕಟ್ಟೆಯ ಎತ್ತರ ಕಳೆಯಿರಿ. ಸರ್ಕಾರಿ ಲೆಕ್ಕ ಇರುವುದು ನೆಲಮಟ್ಟದಿಂದ ಕೆಳಕ್ಕೆ ಎಷ್ಟು ಮೀಟರ್ ಎಂಬುದರಲ್ಲಿ. ಪಂಪ್ ಓಡಿಸಿದ ಕೂಡಲೇ ಅಳೆಯಬೇಡಿ, ಬೆಳಗ್ಗೆ ಎದ್ದವರೇ ಅಳೆಯಿರಿ. ಜನವರಿ, ಮಳೆಗೆ ಮುಂಚೆ ಏಪ್ರಿಲ್-ಮೇ, ಆಗಸ್ಟ್, ನವೆಂಬರ್ ಹೀಗೆ ನಾಲ್ಕು ಸಲ ಸಾಕು. ಕೇಂದ್ರ ಅಂತರ್ಜಲ ಮಂಡಳಿಯೂ ತನ್ನ ವೀಕ್ಷಣಾ ಬಾವಿಗಳನ್ನು ಈ ನಾಲ್ಕು ಹೊತ್ತಿನಲ್ಲೇ ಅಳೆಯುತ್ತದೆ. ಹಾಗಾಗಿ ಹೋಲಿಸುವುದು ಸುಲಭ.

<b>ಆಮೇಲೆ ಸರ್ಕಾರದ ಬಾವಿ</b>

‘ಇಂಡಿಯಾ ವಾಟರ್ ರಿಸೋರ್ಸಸ್ ಇನ್ಫರ್ಮೇಶನ್ ಸಿಸ್ಟಮ್’ ಎಂಬ ಜಾಲತಾಣವಿದೆ. ಹುಡುಕುವಾಗ ‘ಇಂಡಿಯಾ ವ್ರಿಸ್’ ಎಂದರೆ ಸಾಕು. ಅಲ್ಲಿ ಅಂತರ್ಜಲ ಮಟ್ಟದ ವಿಭಾಗಕ್ಕೆ ಹೋಗಿ. ಕರ್ನಾಟಕ, ಉತ್ತರ ಕನ್ನಡ ಎಂದು ಆರಿಸಿ, ನಿಮಗೆ ಹತ್ತಿರದ ಕೇಂದ್ರ, ಅಂದರೆ ವೀಕ್ಷಣಾ ಬಾವಿ, ಹುಡುಕಿ. ಇದಕ್ಕೆಲ್ಲ ಮೊಬೈಲ್‌ಗಿಂತ ಕಂಪ್ಯೂಟರ್ ವಾಸಿ.

ಇಲ್ಲಿ ತುಂಬಾ ಜನ ಎಡವುತ್ತಾರೆ. ಅಂಕಿ ದೊಡ್ಡದಾದರೆ ನೀರು ಜಾಸ್ತಿ ಎಂದುಕೊಳ್ಳುತ್ತಾರೆ. ಹಾಗಲ್ಲ, 9 ಎಂದರೆ 4ಕ್ಕಿಂತ ಆಳ. ಹೋಲಿಸುವಾಗಲೂ ಈ ಮೇ ತಿಂಗಳನ್ನು ಹೋದ ಮೇ ತಿಂಗಳ ಜೊತೆಗೇ ನೋಡಬೇಕು. ಆ ಕೇಂದ್ರ ತೆರೆದ ಬಾವಿಯೋ ಕೊಳವೆಯೋ ಎಂಬುದನ್ನೂ ಗಮನಿಸಿ. ನಿಮ್ಮದು ಇಪ್ಪತ್ತು ಅಡಿಯ ಬಾವಿಯಾದರೆ ಬೋರ್‌ವೆಲ್ ಲೆಕ್ಕ ತಗೊಂಡು ಪ್ರಯೋಜನವಿಲ್ಲ.

ರಾಜ್ಯದ ಅಂತರ್ಜಲ ನಿರ್ದೇಶನಾಲಯಕ್ಕೂ ತನ್ನದೇ ವೀಕ್ಷಣಾ ಬಾವಿಗಳಿವೆ. 2022ರಲ್ಲಿ ‘ಜಲದೂತ್’ ಆ್ಯಪ್ ಬಂದ ಮೇಲೆ ಊರಿನ ಕೆಲವು ಬಾವಿಗಳನ್ನು ಮೇ ಮತ್ತು ಅಕ್ಟೋಬರ್‌ನಲ್ಲಿ ಅಳೆಯಬೇಕೆಂಬ ವ್ಯವಸ್ಥೆಯೂ ಇದೆ. ನಿಮ್ಮೂರಲ್ಲಿ ಯಾವ ಬಾವಿ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ.

<b>‘ಸುರಕ್ಷಿತ’ ಎಂದರೆ ಏನು?</b>

ತಾಲ್ಲೂಕಿನ ಅಂತರ್ಜಲವನ್ನು ನಾಲ್ಕು ಗುಂಪು ಮಾಡಿ ವರದಿ ಬರುತ್ತದೆ. ವರ್ಷಕ್ಕೆ ತೆಗೆಯಬಹುದಾದ ನೀರಿನಲ್ಲಿ 70 ಶೇಕಡಾದವರೆಗೆ ಬಳಸಿದರೆ ಸುರಕ್ಷಿತ. 90 ದಾಟಿದರೆ ಗಂಭೀರ, 100 ದಾಟಿದರೆ ಅತಿಬಳಕೆ. 70ರಿಂದ 90ರ ನಡುವಿನದು ಅರೆಗಂಭೀರ. ಇದು ಬರೀ ಜಮಾ-ಖರ್ಚಿನ ಲೆಕ್ಕ. ಕುಡಿಯಲು ಸುರಕ್ಷಿತ ಎಂಬ ಅರ್ಥ ಅಲ್ಲವೇ ಅಲ್ಲ. ನಿಮ್ಮ ಬಾವಿ ಬತ್ತುವುದಿಲ್ಲ ಎಂಬ ಭರವಸೆಯೂ ಅಲ್ಲ. ಪಟ್ಟಿಯಲ್ಲಿ ಹಸಿರು ಬಣ್ಣ ನೋಡಿ ನೆಮ್ಮದಿಯಿಂದ ಮಲಗಿದವರನ್ನು ಕಂಡಿದ್ದೇನೆ!

<b>ನೀರು ಕುಡಿಯಲು ಆಗುತ್ತದೆಯೇ?</b>

ಮಂಡಳಿ ತನ್ನ ಬಾವಿಗಳ ನೀರಿನ ಗುಣವನ್ನೂ ಪರೀಕ್ಷಿಸುತ್ತದೆ, ಸಾಮಾನ್ಯವಾಗಿ ಮಳೆಗೆ ಮುಂಚೆ. ಆದರೆ ಅದು ಆ ಬಾವಿಯ ಮಾತು. ನಿಮ್ಮದಕ್ಕೆ ಪ್ರಯೋಗಾಲಯವೇ ಗತಿ. ಜಲಜೀವನ್ ಮಿಷನ್ ಅಡಿ ಸರ್ಕಾರಿ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಕಡಿಮೆ ಶುಲ್ಕಕ್ಕೆ ಪರೀಕ್ಷೆ ಮಾಡಿಸಬಹುದು. ಪಂಚಾಯಿತಿಯಲ್ಲಿ ಕ್ಷೇತ್ರ ಪರೀಕ್ಷಾ ಕಿಟ್ ಇದೆಯೇ ಎಂದೂ ಕೇಳಿ.

ನಾನು ಮೊದಲ ಸಲ ತಂಪು ಪಾನೀಯದ ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗಿದ್ದೆ. ಅಲ್ಲಿದ್ದವರು ನಕ್ಕು ವಾಪಸ್ ಕಳಿಸಿದರು. ಸರಿಯಾದ ಕ್ರಮ ಹೀಗಿದೆ. ರಾಸಾಯನಿಕ ಪರೀಕ್ಷೆಗೆ ಶುದ್ಧ ಕ್ಯಾನ್ ತಗೊಂಡು, ಅದೇ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ ತುಂಬಬೇಕು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ಬಾಟಲಿ ಬೇಕು. ಅದನ್ನು ತೊಳೆಯಲೇಬಾರದು, ಬಾಯಿಗೆ ಬೆರಳು ತಾಗಬಾರದು. ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಅದೇ ದಿನ ಮುಟ್ಟಿಸಿ. ನೀರನ್ನು ಟ್ಯಾಂಕಿನಿಂದಲ್ಲ, ಬಾವಿಯಿಂದಲೇ ತೆಗೆಯಿರಿ.

ವರದಿ ಬಂದ ಮೇಲೆ ಕುಡಿಯುವ ನೀರಿನ ಭಾರತೀಯ ಮಾನಕವಾದ ‘ಐಎಸ್ 10500’ರ ಜೊತೆ ಹೋಲಿಸಿ. ನೀರು ಆಮ್ಲೀಯವೋ ಕ್ಷಾರೀಯವೋ ಎಂದು ಹೇಳುವ ಪಿಎಚ್ 6.5ರಿಂದ 8.5ರ ಒಳಗಿರಬೇಕು. ಚಿರೆಕಲ್ಲಿನ ಬಾವಿಯಲ್ಲಿ ಇದು ಕೆಳಗೆ ಬರುವುದು ಅಪರೂಪವಲ್ಲ. ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ಮೀರಬಾರದು. ಇ-ಕೋಲಿ 100 ಮಿ.ಲೀ. ನೀರಿನಲ್ಲಿ ಒಂದೂ ಇರಬಾರದು. ಕರಾವಳಿಯಲ್ಲಿ ಈ ಪರೀಕ್ಷೆ ಮಳೆಗಾಲದಲ್ಲೇ ಮಾಡಿಸಬೇಕು. ಶೌಚಗುಂಡಿಯ ನೀರು ಚಿರೆಕಲ್ಲಿನ ತೂತುಗಳಲ್ಲಿ ಹಾದು ಬಾವಿಗೆ ಬರುವುದು ಆಗಲೇ.

ಕಡಲಂಚಿನವರು ಮೊದಲು ನೋಡಬೇಕಾದದ್ದು ಕ್ಲೋರೈಡ್. ಲೀಟರಿಗೆ 250 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1000ದವರೆಗೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿ.ಗ್ರಾಂ. ಕ್ಲೋರೈಡ್ ಇರುತ್ತದೆ. ಅಂದರೆ ನೂರು ಕೊಡಪಾನ ಸಿಹಿನೀರಿಗೆ ಎರಡು ಕೊಡಪಾನ ಸಮುದ್ರದ ನೀರು ಸೇರಿದರೆ ಸಾಕು, 250 ದಾಟುತ್ತದೆ. ಮರಳಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಮೇಲಿನ ಮಟ್ಟ 1 ಅಡಿ ಇಳಿದರೆ ಕೆಳಗಿನ ಉಪ್ಪುನೀರು ನಿಧಾನಕ್ಕೆ 40 ಅಡಿಯಷ್ಟು ಮೇಲೇಳಬಹುದು. ನೀರು ಕಡಿಮೆಯಾಯಿತೆಂದು ಬಾವಿ ಇನ್ನೂ ಆಳ ತೋಡುವ ನಮ್ಮ ಅಭ್ಯಾಸ ಇಲ್ಲಿ ತಿರುಗುಬಾಣ. ದೊಡ್ಡ ಪಂಪ್ ಒಂದೇ ಸಮ ಓಡಿಸುವ ಬದಲು ಸಣ್ಣದನ್ನು ಬಿಟ್ಟು ಬಿಟ್ಟು ಓಡಿಸಿ ನೋಡಿ.

ಸಾರ್ವಜನಿಕ ನಲ್ಲಿಯ ನೀರಿನ ವರದಿ ಕೇಳಿದ್ದಕ್ಕೆ ಸುಮ್ನೆ ಓಡಾಡಿಸಿದರೆ? ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ನೀರು ಹೇಗಿದೆ’ ಎಂದು ಕೇಳಬೇಡಿ. ಇಂತಿಂಥ ವಾರ್ಡ್, ಇಂತಿಂಥ ತಿಂಗಳ ಪರೀಕ್ಷಾ ವರದಿಯ ಪ್ರತಿ ಕೊಡಿ ಎಂದು ಬರೆಯಿರಿ.