ಬಲಗೈ ಬಂಟರನ್ನು ಕನ್ನಡಕ್ಕೆ ತಂದ ನನ್ನ ಅನುಭವ

ನ್ಯೂಜೆರ್ಸಿಯಲ್ಲಿ ನಾನು ಪಾಠ ಹೇಳುವ ವಾರಾಂತ್ಯದ ಕನ್ನಡ ತರಗತಿಯ ಮಕ್ಕಳಿಗಾಗಿ 1940ರ ದಶಕದ ಅಮೆರಿಕನ್ ಕಾಮಿಕ್ಸ್‌ಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸುತ್ತೇನೆ ಎಂದಾಗ, ಈ ಕೆಲಸ ಬಲ್ಲ ಗೆಳೆಯರೇ ನಕ್ಕರು. ಇಂಗ್ಲಿಷಿನ ದೊಡ್ಡಕ್ಷರಗಳಿಗೆಂದು ಬರೆದ ಮಾತಿನ ಗುಳ್ಳೆಯಲ್ಲಿ ನಮ್ಮ ಒತ್ತಕ್ಷರಗಳು ಹಿಡಿಯುವುದಿಲ್ಲ ಎಂಬುದು ಅವರ ವಾದವಾಗಿತ್ತು. ಮೊದಲ ಪುಸ್ತಕದಲ್ಲಿ ಅವರ ಮಾತೇ ಗೆದ್ದಿತು. ಎರಡನೆಯ ಪುಸ್ತಕದ ಪ್ರತಿಗಳು ಐದು ತಿಂಗಳಲ್ಲಿ ಮುಗಿದು, ನಕ್ಕವರಲ್ಲಿ ಇಬ್ಬರು ತಮ್ಮ ಮಕ್ಕಳಿಗೆಂದು ಕೇಳಿ ಪಡೆದ ಮೇಲೆ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲ ಪುಸ್ತಕಕ್ಕೆ ನಾನು ಆರಿಸಿಕೊಂಡದ್ದು 1941ರಲ್ಲಿ ನೆಡಾರ್ ಪ್ರಕಾಶನದವರು ಆರಂಭಿಸಿದ ಬ್ಲ್ಯಾಕ್ ಟೆರರ್ ಕಥೆಗಳನ್ನು. ಬಾಬ್ ಬೆಂಟನ್ ಎಂಬ ಔಷಧ ಅಂಗಡಿಯವನು ಎದೆಯ ಮೇಲೆ ತಲೆಬುರುಡೆಯ ಗುರುತು ಹೊತ್ತು ಕೇಡಿಗರನ್ನು ಬಡಿಯುವ ಕಥೆ ಅದು. ಬಾಬ್ ಬಾಯಿ ತೆರೆದರೆ ಭಾಷಣ. ಅದನ್ನು ಕನ್ನಡಿಸಿದರೆ ‘ಸ್ವಾತಂತ್ರ್ಯ’, ‘ರಾಷ್ಟ್ರದ್ರೋಹಿ’ ಎಂಬ ಪದಗಳು ಸಾಲಿಗೊಂದರಂತೆ ಬರುತ್ತಿದ್ದವು. ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗಿದವು, ಸಾಲಿನ ಅಂತರ ಹೆಚ್ಚಿಸಿದರೆ ಗುಳ್ಳೆ ಸಾಲದಾಯಿತು, ಅಕ್ಷರ ಕಿರಿದಾಗಿಸಿದರೆ ಮಕ್ಕಳಿಗೆ ಕಾಣದಾಯಿತು. ಸಾಲದ್ದಕ್ಕೆ, ಯಾರೋ ಸ್ಕ್ಯಾನ್ ಮಾಡಿಟ್ಟಿದ್ದ ಪುಟಗಳನ್ನು ಹಾಗೆಯೇ ಇಳಿಸಿಕೊಂಡು ಮುದ್ರಣಕ್ಕೆ ಕೊಟ್ಟಿದ್ದರಿಂದ, ಹಳೆಯ ಅಚ್ಚಿನ ಬಣ್ಣದ ಚುಕ್ಕಿಗಳು ಹೊಸ ಅಚ್ಚಿನ ಚುಕ್ಕಿಗಳೊಂದಿಗೆ ಸೇರಿ ಬಾಬನ ಮುಖದ ತುಂಬ ಅಲೆಅಲೆಯಾದ ಗೆರೆಗಳೆದ್ದವು. ಮುದ್ರಕರು ಮಾದರಿ ಪುಟ ತೋರಿಸದೆಯೇ ನೂರು ಪ್ರತಿಗಳನ್ನೂ ಮುಗಿಸಿಬಿಟ್ಟಿದ್ದರು. ಸುಮಾರು 640 ಡಾಲರ್ ಹೋಯಿತು; ಇಪ್ಪತ್ತೆರಡೋ ಇಪ್ಪತ್ಮೂರೋ ಪ್ರತಿಗಳು ಮಾರಾಟವಾದವು. ಉಳಿದವು ಇಂದಿಗೂ ಗ್ಯಾರೇಜಿನಲ್ಲಿವೆ.

ಆ ಸೋತ ಪುಸ್ತಕವನ್ನು ತಿರುವಿಹಾಕುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬಾಬನ ಗುಳ್ಳೆಗಳೆಲ್ಲ ಒಡೆದುಹೋಗುವಂತಿದ್ದರೂ, ಅವನ ಜೊತೆಗಾರ ಹುಡುಗ ಟಿಮ್ ರೋಲ್ಯಾಂಡನ ಗುಳ್ಳೆಗಳು ಎಲ್ಲಿಯೂ ಕೆಟ್ಟಿರಲಿಲ್ಲ. ಹುಡುಗ ಕೇಳುತ್ತಾನೆ, ಕೂಗುತ್ತಾನೆ, ಎಚ್ಚರಿಸುತ್ತಾನೆ. ಅವನ ಮಾತು ನಾಲ್ಕು ಪದ ಮೀರುವುದಿಲ್ಲ. ಕ್ರಿಯಾಪದದಲ್ಲಿಯೇ ಕರ್ತೃವನ್ನು ಅಡಗಿಸಿಕೊಳ್ಳುವ ನಮ್ಮ ಭಾಷೆಯಲ್ಲಿ ಆ ನಾಲ್ಕು ಪದ ಎರಡಕ್ಕೆ ಇಳಿಯುತ್ತವೆ. ನಾಯಕನನ್ನು ಬಿಟ್ಟು ಬಲಗೈ ಬಂಟನ ಕಥೆಗಳನ್ನೇ ಹುಡುಕಬೇಕು ಎಂದು ಅಂದೇ ತೀರ್ಮಾನಿಸಿದೆ.

ಬ್ಯಾಟ್‌ಮನ್‌ನ ಬಂಟ ರಾಬಿನ್ ನಮ್ಮ ಕೈಗೆ ಸಿಗುವವನಲ್ಲ. 1940ರ ಡಿಟೆಕ್ಟಿವ್ ಕಾಮಿಕ್ಸ್ 38ನೆಯ ಸಂಚಿಕೆಯಲ್ಲಿ ಹುಟ್ಟಿದ ಅವನ ಆ ಕಥೆ 2036ರವರೆಗೆ ಹಕ್ಕುಸ್ವಾಮ್ಯದ ಬಂಧನದಲ್ಲಿದೆ. ನನಗೆ ದಕ್ಕಿದ್ದು ಲೆವ್ ಗ್ಲೀಸನ್ ಪ್ರಕಾಶನದ, ಡೇರ್‌ಡೆವಿಲ್ ಎಂಬ ನಾಯಕನ ಹೆಸರಿನ ಪತ್ರಿಕೆ. 1942ರಲ್ಲಿ ಅದರ 13ನೆಯ ಸಂಚಿಕೆಯಲ್ಲಿ ಚಾರ್ಲ್ಸ್ ಬೈರೋ ತಂದ ಲಿಟಲ್ ವೈಸ್ ಗೈಸ್ ಎಂಬ ಹುಡುಗರ ಗುಂಪು ಎಷ್ಟು ಬೆಳೆಯಿತೆಂದರೆ, 1950ರ ಹೊತ್ತಿಗೆ ಡೇರ್‌ಡೆವಿಲನೇ ತನ್ನ ಹೆಸರಿನ ಪತ್ರಿಕೆಯಿಂದ ಹೊರಬಿದ್ದಿದ್ದ. ಬಂಟರು ಒಡೆಯನನ್ನೇ ಮನೆಯಿಂದ ಹೊರಹಾಕಿದ ಇಂಥ ಉದಾಹರಣೆ ಆ ಕಾಲದ ಕಾಮಿಕ್ಸ್‌ನಲ್ಲಿ ಅಪರೂಪ. ಹಕ್ಕಿನ ವಿಷಯದಲ್ಲಿ ನಾನು ಯಾರ ಮಾತನ್ನೂ ನಂಬಲಿಲ್ಲ. ಆ ಕಾಲದ ಹಕ್ಕನ್ನು 28ನೆಯ ವರ್ಷದಲ್ಲಿ ನವೀಕರಿಸಬೇಕಿತ್ತಾದ್ದರಿಂದ, 1942ರ ಸಂಚಿಕೆಗಳಿಗಾಗಿ 1969 ಮತ್ತು 1970ರ ನೋಂದಣಿ ಸಂಪುಟಗಳನ್ನು ನಾನೇ ಸಾಲುಸಾಲಾಗಿ ನೋಡಿದೆ. ಎರಡು ವಾರದ ಸಂಜೆಗಳು ಅದಕ್ಕೇ ಹೋದವು. ನವೀಕರಣ ಕಾಣದೆ ಹಕ್ಕು ಮುಗಿದಿದ್ದರೂ ಹೆಸರಿನ ತೊಡಕು ಬೇರೆಯೇ ಇದೆ: 1964ರಲ್ಲಿ ಮಾರ್ವೆಲ್ ಅದೇ ಹೆಸರಿನ ಬೇರೊಬ್ಬ ನಾಯಕನನ್ನು ತಂದದ್ದರಿಂದ ಆ ಹೆಸರನ್ನು ಮುಖಪುಟದಲ್ಲಿ ಹಾಕುವಂತಿಲ್ಲ. ಹುಡುಗರ ಕಥೆ ಮಾಡುವವನಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಈ ಬಾರಿ ಹರಕು ಪ್ರತಿಗಳನ್ನೇ ಕೊಂಡೆ. ರಕ್ಷಾಪುಟ ಹೋದ ಸಂಚಿಕೆಗಳು ಕಡಿಮೆ ಬೆಲೆಗೆ ಸಿಕ್ಕವು. ಪುಟದ ಹಿಂದೆ ಕಪ್ಪು ಕಾಗದವಿಟ್ಟು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಹಿಂಬದಿಯ ಅಚ್ಚು ಇಣುಕುವುದಿಲ್ಲ. ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರ್ಪಡಿಸಿ ಒಂದರ ಮೇಲೊಂದು ಲೈಟನ್ ಮೋಡ್‌ನಲ್ಲಿ (ಪ್ರತಿ ಚುಕ್ಕಿಯಲ್ಲೂ ಹೆಚ್ಚು ತಿಳಿಯಾದದ್ದನ್ನೇ ಉಳಿಸುವ ಬಗೆ) ಇಟ್ಟಾಗ ಬಣ್ಣಗಳೂ ಕಾಗದದ ಹಳದಿಯೂ ಬಹುಪಾಲು ಕರಗಿ, ಕಪ್ಪು ಗೆರೆ ಮಾತ್ರ ನಿಲ್ಲುತ್ತದೆ. ಬಣ್ಣವನ್ನು ಅದರ ಕೆಳಗೆ ಹೊಸದಾಗಿ ತುಂಬಿದೆ. ಗುಳ್ಳೆಯೊಳಗಿನ ಇಂಗ್ಲಿಷನ್ನು ಅಳಿಸಿದ ಮೇಲೂ ಅಲ್ಲಿ ಹಳೆಯ ಕಾಗದದ ಒರಟು ಹಾಗೆಯೇ ಉಳಿದಿರುವುದನ್ನು ಕಂಡು ಹಲವರು ವಿಧಾನವನ್ನು ಕೇಳಿದ್ದಾರೆ. ಅದನ್ನು ಕಂಡುಕೊಳ್ಳಲು ನನಗೆ ಒಂದು ಚಳಿಗಾಲವೇ ಬೇಕಾದದ್ದರಿಂದ ಸದ್ಯಕ್ಕೆ ಹೇಳುವುದಿಲ್ಲ.

ಅಕ್ಷರಕ್ಕೆ ‘ಬಾಲೂ ತಮ್ಮ’ ಎಂಬ ಫಾಂಟನ್ನು ಬಳಸಿದೆ. ಎರಡು ಒತ್ತು ಬರುವ ಪದಗಳನ್ನು ಪೂರ್ತಿಯಾಗಿ ನಿಷೇಧಿಸಿಕೊಂಡೆ, ‘ಸ್ವಾತಂತ್ರ್ಯ’ದ ಬದಲು ‘ಬಿಡುಗಡೆ’ ಬಂದಿತು. ಹುಡುಗರು ತಮ್ಮತಮ್ಮಲ್ಲಿ ‘ಲೋ’, ‘ಕಣೋ’ ಎಂದೇ ಮಾತಾಡುತ್ತಾರೆ. ಗುಳ್ಳೆಯಲ್ಲಿ ಜಾಗ ಉಳಿದಾಗ ‘ಕಣೋ’ ತುಂಬಾ ಉಪಕಾರಿ. ಟಿಮ್‌ನ ಕಥೆಯೊಂದನ್ನೂ ಹೊಸದಾಗಿ ಮಾಡಿ ಸೇರಿಸಿದೆ. ಮೊದಲ ಪುಸ್ತಕದಲ್ಲಿ ಅವನು ನಾಯಕನನ್ನು ‘ಬಾಬ್, ಬಾ’ ಎಂದು ಕರೆದದ್ದು ತಂದೆತಾಯಿಯರಿಗೆ ಉದ್ಧಟತನವಾಗಿ ಕಂಡಿತ್ತು. ‘ಅಣ್ಣ’ ಎಂದು ಮಾಡಿದ ಕೂಡಲೇ ಮರ್ಯಾದೆಯೂ ಬಂತು, ಮುಖವಾಡ ಹಾಕಿದಾಗ ಹೆಸರು ಬಾಯಿಬಿಡಬಾರದೆಂಬ ಕಥೆಯ ನಿಯಮವೂ ಉಳಿಯಿತು, ಎರಡೇ ಅಕ್ಷರದಲ್ಲಿ ಕೆಲಸವೂ ಮುಗಿಯಿತು. ಇದಕ್ಕಾಗಿ ನಾನು ಸ್ವಲ್ಪ ಬೀಗಿದ್ದೂ ಉಂಟು.

ಗುಂಪಿನ ಹುಡುಗರ ಅಡ್ಡಹೆಸರುಗಳು ಕಾಡಿದವು. ಸ್ಕೇರ್‌ಕ್ರೋ ಸಲೀಸಾಗಿ ಬೆರ್ಚಪ್ಪನಾದ. ಮೀಟ್‌ಬಾಲ್‌ನನ್ನು ‘ಕೈಮಾ ಉಂಡೆ’ ಎನ್ನಲು ಹೋಗಿ, ತರಗತಿಯ ಅರ್ಧದಷ್ಟು ಮನೆಗಳ ಅಡುಗೆಯನ್ನು ನೆನೆದು, ಬರಿಯ ‘ಉಂಡೆ’ ಎಂದು ಉಳಿಸಿಕೊಂಡೆ. 15ನೆಯ ಸಂಚಿಕೆಯಲ್ಲಿ ಆ ಹುಡುಗ ಸಾಯುತ್ತಾನೆ. ಮಕ್ಕಳ ಪುಸ್ತಕದಲ್ಲಿ ಸಾವು ಬೇಡವೆಂದು ಆ ಕಥೆಯನ್ನು ಬಿಡುವಂತೆ ಸಲಹೆ ಬಂದಿತ್ತು, ನಾನು ಬಿಡಲಿಲ್ಲ. ನಾನು ಬಿಟ್ಟದ್ದು ಬೇರೆ ಕೆಲವನ್ನು: ಕಪ್ಪು ಜನಾಂಗದ ಜೊತೆಗಾರರನ್ನು ಹೀಯಾಳಿಸಿ ಚಿತ್ರಿಸಿದ ಕಥೆಗಳನ್ನು ನಾನು ಮುಟ್ಟುವುದಿಲ್ಲ. ಕ್ಯಾಪ್ಟನ್ ಮಾರ್ವೆಲ್ ಕಥೆಗಳ ಸ್ಟೀಮ್‌ಬೋಟ್ ಎಂಬ ಪಾತ್ರವನ್ನು 1945ರಲ್ಲಿ ನ್ಯೂಯಾರ್ಕಿನ ಶಾಲಾ ಮಕ್ಕಳೇ ಹೋಗಿ ಪ್ರಶ್ನಿಸಿ, ಫಾಸೆಟ್ ಪ್ರಕಾಶನದವರು ಅದನ್ನು ಕೈಬಿಡುವಂತೆ ಮಾಡಿದ್ದರು; ಅಂದಿನ ಮಕ್ಕಳೇ ಬೇಡವೆಂದದ್ದನ್ನು ಇಂದಿನವರ ಕೈಗೆ ಕೊಡಲಾರೆ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಖಳರಿಗೆಲ್ಲ ಹಳಗನ್ನಡದ ಛಾಯೆಯ ಮಾತು ಕೊಟ್ಟು ನಾಲ್ಕು ಪುಟ ಓದಿಸಿದಾಗ, ಮಕ್ಕಳು ಹೆದರುವ ಬದಲು ಬಿದ್ದುಬಿದ್ದು ನಕ್ಕರು. ಅದನ್ನು ಕಿತ್ತುಹಾಕಲು ಮತ್ತೆ ಮೂರು ದಿನ ಹಿಡಿಯಿತು.

ಎರಡನೆಯ ಪುಸ್ತಕ ಅರವತ್ತು ಪ್ರತಿ, ಬೇರೆ ಮುದ್ರಕರು, ಮೊದಲು ಒಂದೇ ಮಾದರಿ ಪ್ರತಿ. ಹಳೆಯ ಸಂಚಿಕೆಗಳ ಬೆಲೆಯೂ ಸೇರಿ 560 ಡಾಲರಿನಷ್ಟು ಆಯಿತು, ಹನ್ನೆರಡು ಡಾಲರಿನಂತೆ ಮಾರಿದ್ದರಿಂದ ನೂರೈವತ್ತರ ಹತ್ತಿರ ಉಳಿಯಿತು. ನನ್ನ ಸಂಜೆಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಆ ಹಣದಲ್ಲಿ ಬಾಯ್ ಕಾಮಿಕ್ಸ್‌ನ ಎರಡು ಹರಕು ಸಂಚಿಕೆಗಳು ಬಂದಿವೆ. ಅದರಲ್ಲಿ ಕ್ರೈಮ್‌ಬಸ್ಟರ್ ಎಂಬ ಹುಡುಗನ ಬಲಗೈ ಬಂಟ ಸ್ಕ್ವೀಕ್ಸ್ ಎಂಬ ಕೋತಿ. ಅದಕ್ಕೆ ಮಾತಿಲ್ಲ, ಚೀತ್ಕಾರ ಮಾತ್ರ ಇದೆ. ಒಂದು ಗುಳ್ಳೆಗೆ ‘ಕಿಚಕಿಚ’ ಎಂದು ಬರೆದು ನೋಡಿದೆ, ಅಕ್ಷರವನ್ನು ದೊಡ್ಡದು ಮಾಡಿದ ಮೇಲೂ ಜಾಗ ಮಿಕ್ಕಿತ್ತು.