ಮೀಸೆ ಬರುವ ಮೊದಲೇ ಶುರು ಮಾಡಿ: ಆಟಿಸಂ ಇರುವ ಮಕ್ಕಳು ದೊಡ್ಡವರಾಗುವಾಗ

ನನ್ನ ಮಗನಿಗೆ ಈಗ 24 ವರ್ಷ. ಮೈಸೂರಲ್ಲಿದ್ದೇವೆ. ಅವನಿಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದು ಮೂರು ತುಂಬುವ ಮೊದಲು. ಆಮೇಲೆ ಹತ್ತು ವರ್ಷ ಸ್ಪೀಚ್ ಥೆರಪಿ, ಒಟಿ (ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿ), ಸ್ಪೆಷಲ್ ಎಜುಕೇಟರ್ ಅಂತ ಓಡಾಡಿದ್ದೇ ಓಡಾಡಿದ್ದು. ಮಾತು ಬರಬೇಕು, ಒಂದು ಕಡೆ ಕೂತು ಬರೆಯಬೇಕು, ನಮಗೆ ಅದೇ ಧ್ಯಾನ. ಇವನಿಗೂ ಒಂದು ದಿನ ಮೀಸೆ ಬರುತ್ತದೆ ಅನ್ನುವುದು ತಲೆಗೇ ಹೋಗಿರಲಿಲ್ಲ.

ಒಂದು ಮದುವೆಯಲ್ಲಿ ಗೊತ್ತಾಯಿತು. ಅವನಿಗೆ ಚಿಕ್ಕಂದಿನಿಂದ ಮಲ್ಲಿಗೆ ಹೂವಿನ ವಾಸನೆ ಅಂದರೆ ಪ್ರಾಣ. ಹೂ ಮುಡಿದವರು ಯಾರೇ ಕಂಡರೂ ಹಿಂದಿನಿಂದ ಹೋಗಿ ತಬ್ಬಿಕೊಂಡು ಜಡೆ ಮೂಸುತ್ತಿದ್ದ. ಆರು ವರ್ಷದವನಿದ್ದಾಗ ಎಲ್ಲರೂ ನಕ್ಕು ಕೆನ್ನೆ ಹಿಂಡುತ್ತಿದ್ದರು. ಹದಿಮೂರರಲ್ಲಿ ಅದನ್ನೇ ಮಾಡಿದ. ಆ ಹೆಂಗಸು ಕಿರುಚಿಕೊಂಡರು, ಅವರ ಗಂಡ ಕೈ ಎತ್ತಿಕೊಂಡು ಬಂದರು. ಅವನು ಮಾಡಿದ್ದು ಅದನ್ನೇ. ಬದಲಾಗಿದ್ದು ಅವನ ಎತ್ತರ ಅಷ್ಟೇ.

ಹಾಗಾಗಿ ನಿಮ್ಮ ಮಗುವಿಗೆ ಒಂಬತ್ತೋ ಹತ್ತೋ ಆಗಿದ್ದರೆ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಅದರ ದಿನಚರಿ ಪೂರ್ತಿ ನೆನಪಿಸಿಕೊಂಡು, ಪ್ರತಿಯೊಂದಕ್ಕೂ 'ಹದಿನೆಂಟರಲ್ಲೂ ಹೀಗೆ ಮಾಡಿದರೆ ನಡೆಯುತ್ತದಾ?' ಅಂತ ಕೇಳಿಕೊಳ್ಳಿ. ಸ್ನಾನ ಮಾಡಿ ಬಟ್ಟೆ ಇಲ್ಲದೆ ಹಾಲಿಗೆ ಬರುವುದು. ಮೂತ್ರಕ್ಕೆ ನಿಂತಾಗ ಚಡ್ಡಿ ಮೊಣಕಾಲಿನವರೆಗೂ ಇಳಿಸುವುದು. ಮನೆಗೆ ಬಂದವರ ತೊಡೆ ಮೇಲೆ ಕೂರುವುದು. ಅಮ್ಮನ ಜೊತೆ ಲೇಡೀಸ್ ಟಾಯ್ಲೆಟ್ಟಿಗೆ ಹೋಗುವುದು. ನಡೆಯಲ್ಲ ಅನ್ನಿಸಿದ್ದನ್ನು ಈಗಲೇ ಬದಲಾಯಿಸಿ. ನಮ್ಮ ಮಕ್ಕಳು ನಿಯಮವನ್ನು ಗಟ್ಟಿಯಾಗಿ ಹಿಡಿಯುತ್ತಾರೆ ಅಲ್ವಾ, ನಿನ್ನೆವರೆಗೂ ಸರಿ ಇದ್ದದ್ದು ಇವತ್ತು ತಪ್ಪು ಅಂದರೆ ಅವರಿಗೆ ಅರ್ಥವೇ ಆಗುವುದಿಲ್ಲ. ತಬ್ಬುವುದನ್ನು ಬಿಡಿಸಿ ಕೈ ಕುಲುಕುವುದಕ್ಕೆ ತರಲು ನಮಗೆ ಎರಡು ವರ್ಷ ಬೇಕಾಯಿತು. ಮಲ್ಲಿಗೆಗೆ ಬೇರೆ ದಾರಿ ಮಾಡಿದೆವು, ಈಗ ದಿನಾ ಒಂದು ಮೊಳ ತಂದು ಅವನ ಮೇಜಿನ ಮೇಲೇ ಇಡುತ್ತೇನೆ.

ಮೈ ಬೆಳೆಯುವ ವಿಷಯ

ನಾಚಿಕೆ ಬದಿಗಿಡಿ. ಮೈಯಲ್ಲಿ ಏನೇನು ಬದಲಾಗುತ್ತದೆ ಅಂತ ಚಿತ್ರ ಬರೆದು ಮೊದಲೇ ತೋರಿಸಿ. ಅಂಗಗಳಿಗೆ ಮುದ್ದಿನ ಹೆಸರು ಬೇಡ, ಸರಿಯಾದ ಹೆಸರೇ ಹೇಳಿಕೊಡಿ. ಯಾರಾದರೂ ಮುಟ್ಟಿದರೆ, ನೋವಾದರೆ, ಆ ಮಗು ಹೇಳಬೇಕಾಗಿರುವುದು ಆ ಹೆಸರಿನಿಂದಲೇ.

ಹೆಣ್ಣುಮಕ್ಕಳಿಗೆ ಮುಟ್ಟು ಶುರುವಾಗುವ ಮೊದಲೇ ಪ್ಯಾಡ್ ಅಭ್ಯಾಸ ಮಾಡಿಸಿ. ಮೊದಲು ಅರ್ಧ ಗಂಟೆ, ಆಮೇಲೆ ಅರ್ಧ ದಿನ. ಪ್ಯಾಡಿನ ಮೇಲೆ ನಾಲ್ಕು ಹನಿ ಕುಂಕುಮದ ನೀರು ಹಾಕಿ, ಬಿಚ್ಚಿ ಪೇಪರಲ್ಲಿ ಸುತ್ತಿ ಬುಟ್ಟಿಗೆ ಹಾಕುವುದನ್ನೂ ಮಾಡಿಸಬೇಕು. ನನ್ನ ಗೆಳತಿ ಮಗಳಿಗೆ ಹೀಗೇ ಕಲಿಸಿದಳು. ಮೊದಲ ಸಲ ಆದಾಗ ಆ ಹುಡುಗಿ ರಕ್ತ ನೋಡಿ ಹೆದರಲಿಲ್ಲ, ಪ್ಯಾಡಿನ ಬ್ರ್ಯಾಂಡ್ ಬೇರೆ ಇದೆ ಅಂತ ರಂಪ ಮಾಡಿದಳಂತೆ! ಹಾಗಾಗಿ ಒಂದೇ ಬ್ರ್ಯಾಂಡ್ ಜಾಸ್ತಿ ತಂದಿಟ್ಟುಕೊಳ್ಳಿ.

ಗಂಡುಮಕ್ಕಳಿಗೆ ಬ್ಲೇಡಿಗಿಂತ ಟ್ರಿಮ್ಮರ್ ವಾಸಿ. ಆದರೆ ಅದರ ಗುಂಯ್ ಸದ್ದೇ ದೊಡ್ಡ ತಲೆನೋವು. ನಾವು ಮೊದಲ ವಾರ ಆಫ್ ಮಾಡಿದ ಟ್ರಿಮ್ಮರನ್ನು ಅವನ ಕೆನ್ನೆಗೆ ಮುಟ್ಟಿಸಿ ತೆಗೆದೆವು, ಅಷ್ಟೇ. ಆಮೇಲೆ ಆನ್ ಮಾಡಿ ಪಕ್ಕದ ರೂಮಲ್ಲಿಟ್ಟೆವು. ಆಮೇಲೆ ಅವನ ಅಂಗೈ ಮೇಲೆ. ಕೆನ್ನೆಗೆ ಬರುವಷ್ಟರಲ್ಲಿ ಒಂದು ತಿಂಗಳಾಗಿತ್ತು. ಕೊನೆಯ ಒಂದು ಗೀರು ಮಾತ್ರ ಅವನ ಕೈಯಲ್ಲಿ ಎಳೆಸಿ 'ಮುಗೀತು' ಅನ್ನುತ್ತಿದ್ದೆವು. ಬರುಬರುತ್ತಾ ಕೊನೆಯ ಎರಡು, ಕೊನೆಯ ಐದು. ಹೀಗೆ ಕೊನೆಯಿಂದ ಹಿಂದಕ್ಕೆ ಕಲಿಸಿದರೆ ಮುಗಿಸಿದ ಖುಷಿ ಯಾವಾಗಲೂ ಮಗುವಿಗೇ ಸಿಗುತ್ತದೆ. ಹಾಸಿಗೆ ಮಡಿಸುವುದು, ಷೂ ಲೇಸು, ಚಪಾತಿ, ಎಲ್ಲಕ್ಕೂ ಇದು ನಡೆಯುತ್ತದೆ.

ಹಸ್ತಮೈಥುನದ ವಿಷಯಕ್ಕೆ ಬರೋಣ. ಎಲ್ಲ ಹುಡುಗ ಹುಡುಗಿಯರಲ್ಲಿ ಇರುವುದು ಇವರಲ್ಲೂ ಇರುತ್ತದೆ. ಹೊಡೆಯಬೇಡಿ, ಬೈಯಬೇಡಿ. ಜಾಗ ಹೇಳಿಕೊಡಿ: ನಿನ್ನ ರೂಮು, ಬಾಗಿಲು ಹಾಕಿಕೊಂಡು, ಆಮೇಲೆ ಕೈ ತೊಳಿ. ಬೇರೆ ಕಡೆ ಕೈ ಹೋದರೆ ಆ ಮೂರು ಮಾತು ಮಾತ್ರ, ಶಾಂತವಾಗಿ. ಮನೆಯಲ್ಲಿ ಅವರಿಗೆ ಒಂದು ಮುಚ್ಚುವ ಬಾಗಿಲೇ ಇಲ್ಲದಿದ್ದರೆ ಈ ಪಾಠದಿಂದ ಏನೂ ಉಪಯೋಗವಿಲ್ಲ, ಬಚ್ಚಲಾದರೂ ಆಗಲಿ.

ಇನ್ನೊಂದು ಮಾತು, ಕೆಲವರಿಗೆ ಕೋಪ ಬರಬಹುದು. ನಾವು ಹತ್ತು ವರ್ಷ ಥೆರಪಿಯಲ್ಲಿ ಕಲಿಸಿದ್ದು ಹೇಳಿದ ಮಾತು ಕೇಳುವುದನ್ನು. ಕೂರು ಅಂದರೆ ಕೂರು, ಮುಟ್ಟು ಅಂದರೆ ಮುಟ್ಟು. ದೊಡ್ಡವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಮಗುವನ್ನು ಕೆಟ್ಟವನೊಬ್ಬ ಬಳಸಿಕೊಳ್ಳುವುದು ಬಹಳ ಸುಲಭ. 'ಬೇಡ' ಅನ್ನುವುದನ್ನೂ ಕಲಿಸಿ. ಮಾತು ಬರದಿದ್ದರೆ ಕೈ ಸನ್ನೆ ಅಥವಾ ಕಾರ್ಡು. ಮುಖ್ಯವಾಗಿ, ಅವರು ಬೇಡ ಅಂದಾಗ ನೀವು ಸುಮ್ಮನಾಗಬೇಕು. ಇನ್ನೊಂದು ಇಡ್ಲಿ ಬೇಡ ಅಂದರೂ ತಟ್ಟೆಗೆ ಹಾಕಿಬಿಡುತ್ತೇವಲ್ಲ, ಅಲ್ಲಿಂದಲೇ ಶುರು ಮಾಡಿ.

ಸಿಟ್ಟು ಜಾಸ್ತಿಯಾದರೆ ಮೊದಲು ಬಾಯಿ ತೆಗೆಸಿ ನೋಡಿ

ಹದಿನೇಳರಲ್ಲಿ ಮೂರು ವಾರ ಅವನು ಕೆನ್ನೆಗೆ ತಾನೇ ಹೊಡೆದುಕೊಂಡ. ನಿದ್ದೆ ಇಲ್ಲ, ಊಟ ಅರ್ಧಕ್ಕೆ ಬಿಡುತ್ತಿದ್ದ. ತೋರಿಸಿದ ಕಡೆ 'ಬಿಹೇವಿಯರ್' ಅಂದು ಮಾತ್ರೆ ಬರೆದರು. ಕೊನೆಗೆ ಹಲ್ಲಿನ ಡಾಕ್ಟರು ಎಕ್ಸ್‌ರೇ ತೆಗೆದಾಗ ಬುದ್ಧಿಹಲ್ಲು ಅಡ್ಡ ಬೆಳೆದಿತ್ತು. ಪಾಪ, ಅವನು ನೋವಿರುವ ಜಾಗವನ್ನೇ ತೋರಿಸುತ್ತಿದ್ದ, ನಾವು ಹಟ ಅಂದುಕೊಂಡಿದ್ದೆವು. ಅದಕ್ಕೇ ನಡವಳಿಕೆ ಇದ್ದಕ್ಕಿದ್ದಂತೆ ಕೆಟ್ಟರೆ ಹಲ್ಲು, ಕಿವಿ, ಮಲಬದ್ಧತೆ, ನಿದ್ದೆ, ಹುಡುಗಿಯರಾದರೆ ಮುಟ್ಟಿನ ನೋವು, ಇಷ್ಟು ನೋಡಿದ ಮೇಲೇ ಮುಂದಿನ ಮಾತು. ಮಾತ್ರೆ ಬೇಡ ಅನ್ನುತ್ತಿಲ್ಲ, ಕೆಲವರಿಗೆ ನಿಜಕ್ಕೂ ಬೇಕಾಗುತ್ತದೆ. ರಿಸ್ಪೆರಿಡೋನ್ ಥರದ್ದು ಕೊಟ್ಟರೆ ಹಸಿವು ಮತ್ತು ತೂಕ ಏರುತ್ತದೆ, ಪ್ರತಿ ತಿಂಗಳು ತೂಕ ಬರೆದಿಡಿ.

ಫಿಟ್ಸ್ ಕೂಡ ಗಮನದಲ್ಲಿರಲಿ. ಆಟಿಸಂ ಇರುವ ಕೆಲವರಿಗೆ ಹದಿಹರೆಯದಲ್ಲೇ ಅದು ಮೊದಲ ಸಲ ಬರುತ್ತದೆ. ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗುವುದಿಲ್ಲ. ಐದು ನಿಮಿಷ ದಾಟಿದರೆ ನೇರ ಆಸ್ಪತ್ರೆಗೆ.

ಚೆನ್ನಾಗಿ ಮಾತಾಡುವ, ಕಾಲೇಜಿಗೆ ಹೋಗುವ ಮಕ್ಕಳ ಕಷ್ಟ ಬೇರೆ. ತಾನು ಬೇರೆಯವರಂತಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ, ಯಾಕೆ ಅನ್ನುವುದು ಗೊತ್ತಿರುವುದಿಲ್ಲ. ದಿನವಿಡೀ ಎಲ್ಲರಂತೆ ನಟಿಸಿ ಮನೆಗೆ ಬಂದು ಕುಸಿಯುತ್ತಾರೆ. ಅವರಿಂದ ಆಟಿಸಂ ವಿಷಯ ಮುಚ್ಚಿಡಬೇಡಿ. ಮಂಕಾಗಿ ಕೂರುವುದು, ಇಷ್ಟದ ವಿಷಯವನ್ನೂ ಬಿಟ್ಟುಬಿಡುವುದು ಕಂಡರೆ ಕಾಯದೆ ಮನೋವೈದ್ಯರ ಹತ್ತಿರ ಹೋಗಿ.

ಬಸ್ಸು

ಮಗನನ್ನು ಬಸ್ಸಲ್ಲಿ ಒಬ್ಬನೇ ಕಳಿಸಲು ಒಂದೂವರೆ ವರ್ಷ ಹಿಡಿಯಿತು. ಮೊದಲು ಪಕ್ಕದಲ್ಲಿ ಕೂತೆ, ಟಿಕೆಟ್ ಅವನೇ ಕೇಳಬೇಕು. ಆಮೇಲೆ ಎರಡು ಸೀಟು ಹಿಂದೆ. ಆಮೇಲೆ ನಮ್ಮ ಯಜಮಾನರ ಸ್ಕೂಟರಲ್ಲಿ ಬಸ್ಸಿನ ಹಿಂದೆ, ಪತ್ತೇದಾರರ ಥರ. ಎಲ್ಲ ಸರಿ ಹೋಯಿತು ಅಂತ ನಾನು ಬೀಗುತ್ತಿರುವಾಗ ದಸರಾ ಬಂತು. ದಸರಾ ಅಂದರೆ ಗೊತ್ತಲ್ಲ, ಮೈಸೂರಲ್ಲಿ ದಿನಕ್ಕೊಂದು ಕಡೆ ರಸ್ತೆ ಬಂದ್. ಬಸ್ಸು ಬೇರೆ ದಾರಿ ಹಿಡಿಯಿತು. ಇವನು ಎದ್ದು ನಿಂತು ಕೈ ಕಚ್ಚಿಕೊಂಡು ಕೂಗಿದ್ದಾನೆ, ಕುಡಿದಿದ್ದಾನೆ ಅಂದುಕೊಂಡು ಯಾರೋ ಇಳಿಸಿಬಿಟ್ಟಿದ್ದಾರೆ. ಕೊರಳಲ್ಲಿದ್ದ ಕಾರ್ಡು ನೋಡಿ ಒಬ್ಬ ಹೂವಿನವಳು ಫೋನ್ ಮಾಡಿದಳು.

ತಪ್ಪು ನನ್ನದೇ. ದಾರಿ ಕಲಿಸಿದ್ದೆ, ದಾರಿ ತಪ್ಪಿದರೆ ಏನು ಅಂತ ಕಲಿಸಿರಲಿಲ್ಲ. ಈಗ ಕಾರ್ಡಿನ ಹಿಂದೆ ಮೂರು ಸಾಲು ಇದೆ: ಕೂತೇ ಇರು, ಅಮ್ಮನಿಗೆ ಫೋನ್ ಮಾಡು, ಕೊನೇ ಸ್ಟಾಪಲ್ಲಿ ಇಳಿ. ಕಾರ್ಡು ಕೊಟ್ಟರೆ ಸಾಲದು, ಭಾನುವಾರಗಳಲ್ಲಿ ಬೇಕಂತಲೇ ತಪ್ಪು ಬಸ್ ಹತ್ತಿಸಿ ಅಭ್ಯಾಸ ಮಾಡಿಸಿದೆವು. ದುಡ್ಡಿನ ವಿಷಯದಲ್ಲೂ ಇದೇ. ಯುಪಿಐ ಬಂದಮೇಲೆ ಚಿಲ್ಲರೆ ಲೆಕ್ಕದ ಕಾಟ ತಪ್ಪಿತು, ಆದರೆ ಅವನ ಫೋನಿಗೆ ಜೋಡಿಸಿರುವ ಖಾತೆಯಲ್ಲಿ 500 ರೂಪಾಯಿಗಿಂತ ಜಾಸ್ತಿ ಇಡುವುದಿಲ್ಲ. ಮೋಸ ಹೋದರೂ ಅಷ್ಟರಲ್ಲೇ ಹೋಗಲಿ.

ಹದಿನೆಂಟಕ್ಕೆ ಮೊದಲು ಕಾಗದಪತ್ರ

ಇದು ಬೋರು, ಆದರೆ ಮಾಡಲೇಬೇಕು. ಮೊದಲು ಯುಡಿಐಡಿ ಕಾರ್ಡು, ಅಂದರೆ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ. ಅದಕ್ಕೆ ಆಟಿಸಂ ಎಷ್ಟಿದೆ ಅಂತ ಅಳೆಯುವುದು ಇಸಾ (ISAA) ಅನ್ನುವ 40 ಅಂಶಗಳ ಪಟ್ಟಿಯಿಂದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ. 40 ಅಂಗವೈಕಲ್ಯ ಇರಬೇಕು. ಸರ್ಕಾರಿ ಕೆಲಸದ ಶೇ. 4 ಮೀಸಲಾತಿಯಲ್ಲಿ ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಕಲಿಕಾ ತೊಂದರೆ, ಮಾನಸಿಕ ಕಾಯಿಲೆ, ಬಹು ಅಂಗವೈಕಲ್ಯ ಎಲ್ಲ ಸೇರಿ ಶೇ. 1. ಆಟಿಸಂ ಥರದ ಅಂಗವೈಕಲ್ಯ ಇರುವವರಿಗಾಗಿಯೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟ್, ಅದರ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ, ಥೆರಪಿಗೂ ಅದರಲ್ಲಿ ಒಂದು ಪಾಲಿದೆ.

ಹದಿನೆಂಟು ತುಂಬಿದ ದಿನದಿಂದ ಕಾನೂನಿನ ಕಣ್ಣಲ್ಲಿ ಅಪ್ಪ ಅಮ್ಮ ತಾನಾಗಿ ಪೋಷಕರು, ಅಂದರೆ ಗಾರ್ಡಿಯನ್, ಅಲ್ಲ. ಸಹಿಗೆ, ಬ್ಯಾಂಕಿಗೆ ತೊಂದರೆಯಾಗುವುದು ಆಗಲೇ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಡಿಸಿ ಇರುವ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬಹುದು. ಆದರೆ ಎಲ್ಲರಿಗೂ ಬೇಕಿಲ್ಲ. ತನ್ನ ನಿರ್ಧಾರ ತಾನೇ ತೆಗೆದುಕೊಳ್ಳಬಲ್ಲ ಮಗಳಿಗೆ ಅನುಕೂಲಕ್ಕೆ ಅಂತ ಸುಮ್ನೆ ಪೋಷಕತ್ವ ತರಬೇಡಿ.

ಸ್ಕೂಲು ಮುಗಿದ ಮರುದಿನ

ಬೆಳಗ್ಗೆ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದ. ವ್ಯಾನು ಬರುವುದಿಲ್ಲ ಅಂತ ಹೇಗೆ ಹೇಳುವುದು? ಮುಂದಿನದ್ದನ್ನು ಗೊತ್ತು ಮಾಡಿಕೊಳ್ಳದೆ ಸ್ಕೂಲು ಬಿಡಿಸಬೇಡಿ. ಕೆಲಸ ಹುಡುಕುವಾಗ ಅವರ ಹುಚ್ಚು ಯಾವುದು ಅಂತ ನೋಡಿ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ವರದಿ ಮಾಡಿದ 11 ಮಕ್ಕಳಲ್ಲಿ ಮೊದಲನೆಯವನು ಅಮೆರಿಕದ ಮಿಸಿಸಿಪ್ಪಿಯ ಡೊನಾಲ್ಡ್ ಟ್ರಿಪ್ಲೆಟ್. ಅವನಿಗೆ ಎಣಿಸುವ ಹುಚ್ಚು. ಅವನನ್ನು ಇಟ್ಟುಕೊಂಡಿದ್ದ ರೈತ ದಂಪತಿ ಎಣಿಸಬೇಡ ಅನ್ನಲಿಲ್ಲ, ಜೋಳದ ಸಾಲು ಎಣಿಸುತ್ತಲೇ ಉಳು ಅಂದರು. ಮುಂದೆ ಡೊನಾಲ್ಡ್ ಊರಿನ ಬ್ಯಾಂಕಲ್ಲಿ ಕೆಲಸ ಮಾಡಿದರು, 27ನೇ ವಯಸ್ಸಲ್ಲಿ ಕಾರು ಓಡಿಸಲು ಕಲಿತರು, 2023ರಲ್ಲಿ 89ನೇ ವಯಸ್ಸಲ್ಲಿ ತೀರಿಕೊಂಡರು. ಹದಿನೆಂಟಾದ ಮೇಲೆ ಇನ್ನೇನು ಕಲಿಯುತ್ತಾರೆ ಅನ್ನುವವರಿಗೆ ನಾನು ಆ 27 ಹೇಳುತ್ತೇನೆ. ನನ್ನ ಮಗನಿಗೆ ಸಾಲಾಗಿ ಜೋಡಿಸುವ ಹುಚ್ಚು, ಚಿಕ್ಕಂದಿನಲ್ಲಿ ಬಿಡಿಸಲು ನೋಡಿದ್ದೇ ನೋಡಿದ್ದು. ಈಗ ವಾರಕ್ಕೆ ನಾಲ್ಕು ದಿನ ಒಂದು ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತಾನೆ.

ಕೊನೆಯದಾಗಿ ಒಂದು ಫೈಲು ಮಾಡಿ. ನಾವಿಲ್ಲದ ದಿನ ಇನ್ನೊಬ್ಬರಿಗೆ ಬೇಕಾಗುವುದೆಲ್ಲ ಅದರಲ್ಲಿರಲಿ: ಮಾತ್ರೆ, ಡಾಕ್ಟರು, ಬ್ಯಾಂಕು, ಯಾವ ಸದ್ದು ಆಗದು, ಅನ್ನದ ಜೊತೆ ಸಾರು ಕಲಸಬೇಕೋ ಬೇರೆ ಇಡಬೇಕೋ. ನಮ್ಮ ಮಗಳು ದಸರಾ ರಜಕ್ಕೆ ಬಂದಾಗ ಮೂವರೂ ಕೂತು ಓದಿ ತಿದ್ದುತ್ತೇವೆ, ಅವನೂ ಅಲ್ಲೇ ಇರುತ್ತಾನೆ. ಹೋದ ವರ್ಷ ಪೆನ್ನು ಕಿತ್ತುಕೊಂಡು ಕೊನೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ: 'ಕುಕ್ಕರ್ ಬೇಡ.' ಇಷ್ಟು ವರ್ಷ ಅಡುಗೆಮನೆ ಬಾಗಿಲು ದಬಾರನೆ ಹಾಕುತ್ತಿದ್ದದ್ದು ಯಾಕೆ ಅಂತ ಅವತ್ತು ಗೊತ್ತಾಯಿತು. ಈಗ ಅನ್ನ ಪಾತ್ರೆಯಲ್ಲೇ ಬೇಯುತ್ತದೆ.